ನಿಮಗಿದು ಗೊತ್ತೆ? ಗಂಟೆಗೂ ರಜೆ!

ಓಂ ಬೀಚಿಗೆ ಬರುವವರು ಗೋಕರ್ಣದ ದೇವಸ್ಥಾನ ನೋಡಿ ಮರಳುತ್ತಾರೆ. ಕುಮಟಾ, ಹೊನ್ನಾವರದ ಚರ್ಚುಗಳ ಈಸ್ಟರ್ ಆಚರಣೆ ಅವರ ಕಣ್ಣಿಗೆ ಬೀಳುವುದು ಕಡಿಮೆ. ಇಲ್ಲಿನ ಕೊಂಕಣಿ ಮಾತಿನ ಕ್ರೈಸ್ತರು ಕಾರವಾರ ಧರ್ಮಪ್ರಾಂತಕ್ಕೆ ಸೇರಿದವರು. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟ ಪ್ರಾಂತ ಅದು.

ಈಸ್ಟರ್‌ಗೆ ನಿಗದಿತ ತಾರೀಖಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಹಬ್ಬ. ಅಂದರೆ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬಂದೀತು. ನಮ್ಮ ಪಂಚಾಂಗದವರಿಗೆ ಈ ಲೆಕ್ಕ ಹೊಸದೇನಲ್ಲ!

ಈಸ್ಟರ್‌ಗೆ ಹಿಂದಿನ ವಾರದ ಗರಿಗಳ ಭಾನುವಾರ ಮಂತ್ರಿಸಿದ ಗರಿಗಳನ್ನು ಜನ ಮನೆಗೆ ಒಯ್ದು ಇಟ್ಟುಕೊಳ್ಳುತ್ತಾರೆ. ಒಣಗಿದ ಆ ಗರಿಗಳನ್ನೇ ಸುಟ್ಟು ಮರುವರ್ಷದ ಬೂದಿ ಬುಧವಾರಕ್ಕೆ, ಅಂದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ದಿನಕ್ಕೆ, ಬೂದಿ ಮಾಡುವುದು ಸಂಪ್ರದಾಯ.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಪೂಜೆಯಲ್ಲಿ ಮಹಿಮಾಗೀತೆ ಮುಗಿದ ಮೇಲೆ ಗಂಟೆಗಳು ಮೌನ. ಮತ್ತೆ ಬಾರಿಸುವುದು ಶನಿವಾರ ರಾತ್ರಿಯ ಈಸ್ಟರ್ ಜಾಗರಣೆಯಲ್ಲೇ. ನಡುವೆ ಗಂಟೆಯ ಬದಲು ಮರದ ಗಿರಕಿ ತಿರುಗಿಸಿ ಕಟಕಟ ಸದ್ದು ಮಾಡುವ ರೂಢಿಯೂ ಉಂಟು.

ವಿಚಿತ್ರವೆಂದರೆ, ಚರ್ಚಿನಲ್ಲಿ ತಪಸ್ಸುಕಾಲ ನಡೆದಿರುವಾಗಲೇ ಸಾಮಾನ್ಯವಾಗಿ ಇಲ್ಲಿನ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತಕ್ಕೆ ಗುಮಟೆ ಗುಡುಗುತ್ತಿರುತ್ತದೆ. ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ಈ ವಾದ್ಯ ಕೊಂಕಣಿ ಕ್ರೈಸ್ತರದ್ದೂ ಹೌದು. ಮೊದಲು ಉಡದ ಚರ್ಮ ಬಳಸುತ್ತಿದ್ದರು. ವನ್ಯಜೀವಿ ಕಾಯ್ದೆ ಅದನ್ನು ತಡೆದ ಮೇಲೆ ಆಡಿನ ಚರ್ಮ ಬಂತು. ಗೋವಾ ಸರ್ಕಾರ 2019ರಲ್ಲಿ ಇದನ್ನು ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿದೆ.