ಉಮಾಮಿ ಎಂಬ ಸವಿಯೂ ಬಿಳಿಯ ಪುಡಿಯೂ

ಗೋಬಿ ಮಂಚೂರಿಯ ಬಂಡಿಯವರು ಬಾಣಲೆಗೆ ಚಿಟಿಕೆ ಚಿಟಿಕೆಯಾಗಿ ಉದುರಿಸುವ ಬಿಳಿಯ ಹರಳುಪುಡಿಯನ್ನು ನಮ್ಮ ಹಿರೇಹಡಗಲಿ ಸೀಮೆಯಲ್ಲಿ ಕಾಣದವರು ಅಪರೂಪ. ಟೇಸ್ಟಿಂಗ್ ಪೌಡರೆಂದು ಅದನ್ನು ಕರೆಯುವರು; ಅಜಿನೊಮೊಟೊ ಎಂಬದು ವ್ಯಾಪಾರದ ಹೆಸರು. ಅದನ್ನು ವಿಷವೆಂದು ಹೆದರುವವರು ಬಹಳ, ಅದೇನೆಂದು ಬಲ್ಲವರು ಕೆಲವರೇ. ಆದಕಾರಣ ಅದರ ಹುಟ್ಟನ್ನು ವಾಚಕರ ಮುಂದಿಡುವೆವು.

ನಮ್ಮ ಹಿರಿಯರು ರುಚಿಗಳನ್ನು ಆರೆಂದು ಎಣಿಸಿದರು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಆದರೆ ಹಣ್ಣಾದ ಟೊಮೇಟೊ ಹಾಕಿ ಚೆನ್ನಾಗಿ ಕುದಿಸಿದ ಸಾರಿನಲ್ಲಿ ಇವುಗಳ ಹೊರತು, ನಾಲಿಗೆಯ ಮೇಲೆ ತಂಗಿ ನಿಲ್ಲುವ ಇನ್ನೊಂದು ಸವಿಯುಂಟಷ್ಟೆ. ಜಪಾನಿನ ರಸಾಯನಶಾಸ್ತ್ರಜ್ಞರಾದ ಕಿಕುನೆ ಇಕೆಡಾ ಎಂಬವರು ಇಂಥದೇ ಸವಿಯನ್ನು, ಕೊಂಬು ಎಂಬ ಕಡಲಪಾಚಿಯನ್ನು ಬೇಯಿಸಿದ ತಿಳಿಸಾರಿನಲ್ಲಿ ಕಂಡು, ಇದಕ್ಕೆ ಕಾರಣವೇನೆಂದು ಹುಡುಕತೊಡಗಿದರು. 1908ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಆ ರಸವನ್ನು ಬತ್ತಿಸಿ, ಶೋಧಿಸಿ, ಗ್ಲುಟಾಮಿಕ್ ಆಮ್ಲದ ಹರಳುಗಳನ್ನು ತೆಗೆದರು. ಸುಮಾರು 12 ಕಿಲೋಗ್ರಾಂ ಪಾಚಿಯಿಂದ ದೊರೆತದ್ದು 30 ಗ್ರಾಂ ಮಾತ್ರ! ಈ ಆಮ್ಲವೇನೂ ಹೊಸದಲ್ಲ; 1866ರಲ್ಲಿಯೇ ಜರ್ಮನಿಯ ರಿಟ್‌ಹೌಸೆನ್ ಎಂಬ ವಿದ್ವಾಂಸರು ಗೋದಿಯ ಅಂಟಿನಿಂದ ಅದನ್ನು ಬೇರ್ಪಡಿಸಿದ್ದರು. ಆದರೂ ಅದರಲ್ಲಿ ಅಡಗಿದ್ದ ಸವಿಯನ್ನು ಗುರುತಿಸಿದವರು ಇಕೆಡಾ. ಅದಕ್ಕೆ ಅವರು ‘ಉಮಾಮಿ’ ಎಂದು ಹೆಸರಿಟ್ಟರು. ರುಚಿಯಾದ ಊಟವು ಚೆನ್ನಾಗಿ ಜೀರ್ಣವಾಗುವದೆಂದು ನಂಬಿ, ತಮ್ಮ ದೇಶದವರ ಸಪ್ಪೆಯಾದ ಆಹಾರವನ್ನು ಸವಿಗೊಳಿಸಬೇಕೆಂಬದು ಅವರ ಆಶೆಯಾಗಿತ್ತು.

ಈ ಆಮ್ಲದ ಸೋಡಿಯಂ ಲವಣವೇ ಆ ಬಿಳಿಯ ಪುಡಿ. 1909ರಲ್ಲಿ ಸುಜುಕಿ ಸಬುರೊಸುಕೆ ಎಂಬವರು ಅದನ್ನು ಮಾರಾಟಕ್ಕಿಟ್ಟರು. ಮೊದಲು ಗೋದಿಯ ಅಂಟಿನಿಂದ ತಯಾರಾಗುತ್ತಿದ್ದುದು, 1950ರ ದಶಕದ ಕಡೆಯಿಂದೀಚೆಗೆ ಸೂಕ್ಷ್ಮಜೀವಿಗಳ ಸಹಾಯದಿಂದ ಸಕ್ಕರೆಯನ್ನೂ ಕಾಕಂಬಿಯನ್ನೂ ಹುದುಗಿಸಿ ತಯಾರಾಗುತ್ತದೆ. ನಮ್ಮ ಇಡ್ಲಿಯ ಹಿಟ್ಟಿನಂತೆ ಇದೂ ಹುದುಗಿನ ಕೆಲಸವೇ.

ಭಯದ ಮೂಲವಾದರೋ ಅಮೇರಿಕೆಯ ವೈದ್ಯಪತ್ರಿಕೆಯೊಂದರಲ್ಲಿ 1968ರಲ್ಲಿ ಅಚ್ಚಾದ ಒಂದು ಪತ್ರ. ಚೀನೀ ಊಟದ ಬಳಿಕ ಕತ್ತು ಮರಗಟ್ಟಿ ಎದೆ ಡವಗುಟ್ಟಿತೆಂದು ಬರೆದ ವೈದ್ಯರು ಹಲವು ಕಾರಣಗಳನ್ನು ಊಹಿಸಿದ್ದರು; ಜನರ ಬಾಯಲ್ಲಿ ಉಳಿದದ್ದು ಇದೊಂದೇ. ತರುವಾಯದ ಪರೀಕ್ಷೆಗಳಲ್ಲಿ, ಊಟದೊಡನೆ ಮಿತವಾಗಿ ತಿಂದಾಗ ಇಂಥ ಬಾಧೆಯು ಸ್ಥಿರವಾಗಿ ಕಂಡುಬರಲಿಲ್ಲ. ತಾಯಿಯ ಹಾಲಿನಲ್ಲಿಯೂ ಗ್ಲುಟಮೇಟ್ ಇದೆ; ಆದರೂ ಈ ಪುಡಿಯನ್ನು ಬೆರಸಿದ ಪೊಟ್ಟಣವು ಒಂದು ವರ್ಷದೊಳಗಿನ ಶಿಶುಗಳಿಗೆ ತಕ್ಕುದಲ್ಲವೆಂದು ನಮ್ಮ ದೇಶದ ಕಾನೂನು ಸೂಚಿಸುವದು. ಇದರಲ್ಲಿ ನೂರಕ್ಕೆ 12 ಪಾಲು ಸೋಡಿಯಂ, ಅಡಿಗೆಯುಪ್ಪಿನಲ್ಲಿ 39 ಪಾಲು. ರಕ್ತದೊತ್ತಡವುಳ್ಳವರು ಎರಡನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. 2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಯಲ್ಲಿ ನಿಷೇಧಿಸಿದ್ದು ಈ ಪುಡಿಯನ್ನಲ್ಲ, ಕೃತಕ ಬಣ್ಣಗಳನ್ನು.