ಹಗಲು ಕೋರ್ಟು, ರಾತ್ರಿ ಗಿಟಾರು: ವಾಷಿಂಗ್ಟನ್ ಲಾಯರುಗಳ ಬ್ಯಾಂಡ್ ಜಿದ್ದು

ಲಾಯರು ಅಂದಮೇಲೆ ಬ್ಯಾಂಡ್ ಇರಲೇಬೇಕು. ಈ ಕಡೆಯ ಕೋರ್ಟುಗಳಲ್ಲಿ ಅದು ಕೊರಳಿಗೆ ಕಟ್ಟುವ ಬಿಳಿ ಪಟ್ಟಿ. ಬೆವರಿಗೆ ಹಳದಿ ತಿರುಗಿದ್ದರೂ ಚಿಂತೆಯಿಲ್ಲ, ಕಟ್ಟದೆ ಜಡ್ಜ್ ಸಾಹೇಬರ ಮುಂದೆ ನಿಲ್ಲುವ ಹಾಗಿಲ್ಲ. ಅಮೆರಿಕದ ಲಾಯರುಗಳಿಗೆ ಈ ಕಾಟ ಇಲ್ಲ. ಸೂಟು, ಟೈ ಇದ್ದರೆ ಮುಗೀತು. ಆದರೆ ಅಲ್ಲಿನ ರಾಜಧಾನಿ ವಾಷಿಂಗ್ಟನ್ನಿನ ಭಾರೀ ಭಾರೀ ಲಾಯರು ಕಂಪನಿಗಳು ಇನ್ನೊಂದು ಥರದ ಬ್ಯಾಂಡ್ ಕಟ್ಟಿಕೊಂಡಿವೆ. ಡ್ರಮ್ಮು, ಗಿಟಾರು, ಕೀಬೋರ್ಡು, ಮೈಕು ಹಿಡಿದು ಕಿರುಚುವವರೊಬ್ಬರು. ಪೂರಾ ಸೆಟ್ಟು!

ಹಗಲೆಲ್ಲ ಫೈಲು, ಅಫಿಡವಿಟ್ಟು, ಕಕ್ಷಿದಾರರ ಫೋನು. ಸಂಜೆಯಾದ ಮೇಲೆ ಟೈ ಕಿತ್ತು ಜೇಬಿಗೆ ತುರುಕಿ ರಾಕ್ ಸಂಗೀತದ ತಾಲೀಮು. ಇದು ಹೊಟ್ಟೆಪಾಡಿಗಲ್ಲ, ಹೊಟ್ಟೆ ಅವರದು ತುಂಬಿಯೇ ಇದೆ. 2004ರಲ್ಲಿ ಆ ಊರಿನ ಲಾಯರು ಕಂಪನಿಗಳ ನಡುವೆ ಶುರುವಾದ ಒಂದು ಸ್ನೇಹದ ಪಂದ್ಯ ಇದಕ್ಕೆ ಕಾರಣ. ಹೆಸರು ‘ಬ್ಯಾಂಡಿಂಗ್ ಟುಗೆದರ್’. ಒಟ್ಟಾಗಿ ಸೇರೋದು ಅಂತಲೂ ಆಯಿತು, ಬ್ಯಾಂಡು ಬಾರಿಸೋದು ಅಂತಲೂ ಆಯಿತು. ಮಾತಿಗೆ ಎರಡರ್ಥ ಹಚ್ಚುವುದನ್ನು ಲಾಯರುಗಳಿಗೆ ಯಾರಾದರೂ ಹೇಳಿಕೊಡಬೇಕೆ?

ಪಂದ್ಯ ನಡೆದುಕೊಂಡು ಬಂದ ಜಾಗ ‘ಬ್ಲ್ಯಾಕ್ ಕ್ಯಾಟ್’ ಎಂಬ ಸಂಗೀತದ ಅಡ್ಡೆ. ಹದಿನಾಲ್ಕನೇ ಬೀದಿಯಲ್ಲಿದೆ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಗಲಭೆಯಲ್ಲಿ ಹೊತ್ತಿ ಉರಿದ ಬೀದಿ ಅದು. ಬಹಳ ವರ್ಷ ಅಂಗಡಿಗಳು ಕದ ಮುಚ್ಚಿಕೊಂಡು ಬಿದ್ದಿದ್ದವು. 1993ರಲ್ಲಿ ಈ ಕ್ಲಬ್ಬು ತೆರೆಯಿತು. ಬಂಡವಾಳ ಹಾಕಿದವರಲ್ಲಿ ನಿರ್ವಾಣ ಎಂಬ ಹೆಸರಾಂತ ತಂಡದ ಡ್ರಮ್ಮರ್ ಡೇವ್ ಗ್ರೋಲ್ ಒಬ್ಬರು. ಅಂಥಾ ವೇದಿಕೆ ಮೇಲೆ ತೆರಿಗೆ ಕೇಸಿನ ಲಾಯರು ಗಿಟಾರು ನೇತುಹಾಕಿಕೊಂಡು ನಿಂತರೆ ಕೆಳಗೆ ಅದೇ ಆಫೀಸಿನ ಟೈಪಿಸ್ಟು, ಗುಮಾಸ್ತೆ, ಜೂನಿಯರ್ ಎಲ್ಲ ಕೇಕೆ ಹಾಕುತ್ತಾರೆ. ಸೀನಿಯರ್ ತಪ್ಪು ಶ್ರುತಿ ಹಿಡಿದಾಗ ಬಾಯ್ಬಿಟ್ಟು ನಗುವ ಅವಕಾಶ ಜೂನಿಯರುಗಳಿಗೆ ವರ್ಷದಲ್ಲಿ ಇನ್ಯಾವಾಗ ಸಿಗಬೇಕು!

ಒಂದು ಡಾಲರ್, ಒಂದು ಓಟು

ಗೆಲುವಿನ ಲೆಕ್ಕಾಚಾರ ಇನ್ನೂ ಮಜಾ. ಸಂಗೀತ ವಿದ್ವಾಂಸರು ಕೂತು ಅಂಕ ಹಾಕುವುದಿಲ್ಲ. ಕೇಳಲು ಬಂದವರು ತಮಗೆ ಬೇಕಾದ ತಂಡದ ಹೆಸರಿಗೆ ದುಡ್ಡು ಹಾಕಬೇಕು. ಒಂದು ಡಾಲರ್ ಹಾಕಿದರೆ ಒಂದು ಓಟು, ನೂರು ಹಾಕಿದರೆ ನೂರು. ಚುನಾವಣೆಯಲ್ಲಿ ಓಟು ಕೊಂಡರೆ ಕೇಸು ಬೀಳುತ್ತೆ. ಇಲ್ಲಿ ಕೊಳ್ಳದಿದ್ದರೆ ಸೋಲು. ಹಾಗಾಗಿ ಗೆದ್ದ ತಂಡವೇ ಚೆನ್ನಾಗಿ ಹಾಡಿತು ಎಂದು ಯಾರೂ ಪ್ರಮಾಣ ಮಾಡುವ ಹಾಗಿಲ್ಲ. ಜೇಬು ಸಡಿಲ ಬಿಡುವ ಪಾಲುದಾರರು ಯಾವ ಕಂಪನಿಯಲ್ಲಿದ್ದಾರೋ ಆ ಕಂಪನಿಯ ತಾಳ ತಪ್ಪಿದರೂ ಗೆಲುವು ಖಾತ್ರಿ.

ಇವರ ಜೇಬಿನ ವಿಚಾರವನ್ನೂ ಹೇಳಬೇಕು. ವಾಷಿಂಗ್ಟನ್ನಿನ ದೊಡ್ಡ ಕಂಪನಿಗಳಲ್ಲಿ ಪಾಲುದಾರ ಲಾಯರೊಬ್ಬರ ಫೀಜು ಗಂಟೆಗೆ ಸಾವಿರ ಡಾಲರ್ ದಾಟಿರುವುದು ಈಗ ಸುದ್ದಿಯೇ ಅಲ್ಲ. ಗಂಟೆಯನ್ನು ಆರಾರು ನಿಮಿಷದ ಹತ್ತು ತುಂಡು ಮಾಡಿ, ತುಂಡು ತುಂಡಿಗೂ ಬಿಲ್ಲು ಬರೆಯುತ್ತಾರೆ. ‘ಏನ್ ಸಾರ್, ಚೆನ್ನಾಗಿದೀರಾ’ ಎಂದು ಫೋನಿನಲ್ಲಿ ಕೇಳಿದರೂ ಒಂದು ತುಂಡು. ಒಂದು ರಾಕ್ ಹಾಡು ಮೂರು ನಾಲ್ಕು ನಿಮಿಷದ್ದು. ಅಂದರೆ ಎರಡು ಹಾಡು ಮುಗಿಯುವಷ್ಟರಲ್ಲಿ ನೂರು ಡಾಲರ್ ಮೇಲ್ಪಟ್ಟು ಸಂಪಾದಿಸುವ ಆಸಾಮಿಗಳು ಪುಕ್ಕಟೆ ಹಾಡುತ್ತಿದ್ದಾರೆ ಎಂದಾಯಿತು. ಕೇಳುವವರೇ ಕಾಸು ಕೊಡಬೇಕು, ಅದು ಬೇರೆ ಮಾತು.

ಅವರು ಬಾರಿಸುವುದೂ ಬಹುಪಾಲು ಇನ್ನೊಬ್ಬರ ಹಾಡುಗಳನ್ನೇ. ‘ಹಕ್ಕು ಸ್ವಾಮ್ಯದ ಗತಿಯೇನು?’ ಎಂದು ಯಾರಾದರೂ ಪಾಟೀಸವಾಲು ಹಾಕಿಯಾರು. ಅದಕ್ಕೂ ದಾರಿ ಇದೆ. ಹಾಡು ಕಟ್ಟಿದವರ ಪರವಾಗಿ ಹಣ ವಸೂಲು ಮಾಡುವ ಆಸ್ಕ್ಯಾಪ್ ಎಂಬ ಸಂಘ ಅಮೆರಿಕದಲ್ಲಿ 1914ರಿಂದ ಇದೆ. ಸಂಗೀತ ನಡೆಸುವ ಕ್ಲಬ್ಬುಗಳು ಅಂಥ ಸಂಘಗಳಿಗೆ ಲೈಸೆನ್ಸ್ ಹಣ ಕಟ್ಟುತ್ತವೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯಿದೆಯಲ್ಲೂ ಹವ್ಯಾಸಿ ಸಂಘದವರಿಗೆ ಒಂದು ರಿಯಾಯಿತಿ ಇಟ್ಟಿದ್ದಾರೆ: ಟಿಕೇಟಿಲ್ಲದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ತಪ್ಪಲ್ಲ. ಬೀದಿ ಬೀದಿಯ ಹವ್ಯಾಸಿ ನಾಟಕದವರು ತಿಳಿದಿಟ್ಟುಕೊಂಡರೆ ಒಳ್ಳೇದು.

ದುಡ್ಡು ಹೋಗುವುದು ಎಲ್ಲಿಗೆ?

‘ಗಿಫ್ಟ್ಸ್ ಫಾರ್ ದಿ ಹೋಮ್‌ಲೆಸ್’ ಎಂಬ ಸಂಸ್ಥೆಗೆ. ಲಾಯರು ಕಂಪನಿಗಳ ಮಂದಿಯೇ ನಡೆಸುವ ಸಂಸ್ಥೆ. ಸಂಬಳದ ಮೇಲೆ ಒಬ್ಬ ನೌಕರನೂ ಇಲ್ಲ. ಕೂಡಿದ ಹಣದಲ್ಲಿ ಬೆಚ್ಚನೆಯ ಹೊಸ ಬಟ್ಟೆಯನ್ನು ಸಗಟಿನಲ್ಲಿ ಕೊಂಡು, ಡಿಸೆಂಬರ್ ಚಳಿಯಲ್ಲಿ ಮನೆಯಿಲ್ಲದವರ ಆಶ್ರಯಗಳಿಗೆ ಮುಟ್ಟಿಸುತ್ತಾರೆ. ಹಳೇ ಬಟ್ಟೆ ಗಂಟು ಕಟ್ಟಿ ಎಸೆಯುವ ದಾನ ಅಲ್ಲ, ಹೊಸದು. ಸಗಟಿನ ದರ ಎಷ್ಟು ಇಳಿಯುತ್ತದೆ ಅನ್ನುವುದನ್ನು ಬಟ್ಟೆ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಡಾಲರ್ ದೇಶದ ರಾಜಧಾನಿಯಲ್ಲಿ ಬೀದಿಯಲ್ಲಿ ಮಲಗುವವರೂ ಇದ್ದಾರಾ ಎಂದು ಹುಬ್ಬೇರಿಸುವವರಿಗೆ ಒಂದು ಹಳೇ ಕಥೆ. ಅಧ್ಯಕ್ಷರ ಶ್ವೇತಭವನದ ಎದುರಿಗೇ ಲಫಾಯೆಟ್ ಪಾರ್ಕು. ಮನೆಯಿಲ್ಲದವರ ಪರ ಹೋರಾಡುತ್ತಿದ್ದ ಒಂದು ಸಂಘಟನೆ ಅಲ್ಲಿ ಡೇರೆ ಹಾಕಲು ಪರ್ಮಿಷನ್ ಕೇಳಿತು. ಸರ್ಕಾರದ ಉತ್ತರ ಏನು ಗೊತ್ತೆ? ಡೇರೆ ಹಾಕಬಹುದು, ಒಳಗೆ ನಿದ್ದೆ ಮಾಡಬಾರದು! ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1984ರ ಜೂನ್‌ನಲ್ಲಿ ಏಳು ಜಡ್ಜುಗಳು ಸರ್ಕಾರ ಹೇಳಿದ್ದೇ ಸರಿ ಎಂದರು, ಇಬ್ಬರು ಒಪ್ಪಲಿಲ್ಲ. ಅದೇ ವರ್ಷ ಆ ಸಂಘಟನೆಯ ಮಿಚ್ ಸ್ನೈಡರ್ 51 ದಿನ ಉಪವಾಸ ಕೂತರು. ಅಧ್ಯಕ್ಷರ ಚುನಾವಣೆ ಬಾಗಿಲಲ್ಲಿತ್ತು. ರೇಗನ್ ಸರ್ಕಾರ ಬಗ್ಗಿತು. ಎರಡನೇ ಬೀದಿಯ ಹಳೇ ಸರ್ಕಾರಿ ಕಟ್ಟಡವೊಂದನ್ನು ರಿಪೇರಿ ಮಾಡಿಸಿ ಆಶ್ರಯವಾಗಿ ಬಿಟ್ಟುಕೊಡಲು ಒಪ್ಪಿತು.

ಈಗ ಆ ಊರಿನ ಕಾನೂನಿನ ಪ್ರಕಾರ ಚಳಿ ಸೊನ್ನೆ ಡಿಗ್ರಿಗೆ ಇಳಿದ ರಾತ್ರಿ ಬೀದಿಯಲ್ಲಿರುವವರಿಗೆ ಸೂರು ಕೊಡುವುದು ನಗರಾಡಳಿತದ ಹೊಣೆ. ಸೊನ್ನೆಗೆ ಇಳಿದರೆ ಮಾತ್ರ. ಎರಡು ಡಿಗ್ರಿಯಲ್ಲಿ ನಡುಗುವವನಿಗೆ ಕೋಟೇ ಗತಿ.

ಕಂಬಳಿ ಎಂಬ ಸಾಕ್ಷಿ

2024ರ ಜೂನ್ 28ರಂದು ಅದೇ ಸುಪ್ರೀಂ ಕೋರ್ಟಿನಿಂದ ಇನ್ನೊಂದು ತೀರ್ಪು ಬಂತು. ಆರಿಗನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಎಂಬ ಪಟ್ಟಣ, ಸಾರ್ವಜನಿಕ ಜಾಗದಲ್ಲಿ ಹಾಸಿಗೆ ಹೊದಿಕೆ ಹಾಕಿ ಮಲಗಿದರೆ ದಂಡ ಎಂದು ಕಾನೂನು ಮಾಡಿತ್ತು. ಮಲಗಲು ಬೇರೆ ಜಾಗವೇ ಇಲ್ಲದವನಿಗೂ ದಂಡ ಹಾಕಬಹುದೇ ಎಂಬುದು ಪ್ರಶ್ನೆ. ಹಾಕಬಹುದು, ಅದು ಸಂವಿಧಾನ ನಿಷೇಧಿಸಿರುವ ಕ್ರೂರ ಶಿಕ್ಷೆಯಲ್ಲ ಎಂದು ಆರು ಜಡ್ಜುಗಳು, ಮೂವರದು ಭಿನ್ನಮತ. ಅಂದರೆ ಡಿಸೆಂಬರಿನಲ್ಲಿ ಒಬ್ಬ ಲಾಯರು ಕೊಟ್ಟ ಕಂಬಳಿ, ಅಂಥ ಊರಿನಲ್ಲಿ ಜನವರಿಗೆ ಇನ್ನೊಬ್ಬ ಲಾಯರಿಗೆ ಸಾಕ್ಷಿಯಾಗಬಹುದು! 2025ರ ಆಗಸ್ಟಿನಲ್ಲಿ ಅಧ್ಯಕ್ಷ ಟ್ರಂಪ್ ವಾಷಿಂಗ್ಟನ್ ಪೊಲೀಸರನ್ನು ತಮ್ಮ ಕೈಗೆ ತೆಗೆದುಕೊಂಡಾಗ ಅಲ್ಲಿನ ಡೇರೆಗಳನ್ನೂ ಕಿತ್ತುಹಾಕಿದರು.

ಹೀಗಿರುವಾಗ ವರ್ಷಕ್ಕೊಂದು ರಾತ್ರಿ ಡ್ರಮ್ಮು ಬಾರಿಸಿ ಸ್ವೆಟರು ಹಂಚಿದರೆ ಪಾಪ ಕಳೆಯಿತೇ ಎಂದು ಕುಟುಕುವವರು ಇರಬಹುದು. ಕುಟುಕಲಿ, ತಪ್ಪೇನಿಲ್ಲ. ಆದರೆ ಬಡವರ ಕೇಸು ವರ್ಷಕ್ಕೆ 50 ಗಂಟೆಯಾದರೂ ಪುಕ್ಕಟೆ ನಡೆಸಿ ಎಂದು ಅಮೆರಿಕದ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ ಹೇಳುತ್ತದೆ. ಕಡ್ಡಾಯವೇನಲ್ಲ, ಮನಸ್ಸಿದ್ದವರಿಗೆ. ಮನೆಯಿಲ್ಲದವರ ಪರ ವಕಾಲತ್ತು ಹಾಕುವವರು ಆ ಊರಿನ ದೊಡ್ಡ ಕಂಪನಿಗಳಲ್ಲೂ ಇದ್ದಾರೆ. ಕೇಸು ಗೆಲ್ಲಲು ವರ್ಷಗಟ್ಟಲೆ ಬೇಕು. ಸಾಕ್ಸಿಗೆ ಅಷ್ಟು ಬೇಡ.

ಈ ಗೀಳು ವಾಷಿಂಗ್ಟನ್ನಿಗೇ ನಿಂತಿಲ್ಲ. 2009ರಲ್ಲಿ ಲಂಡನ್ನಿನ ಲಾಯರುಗಳು ‘ಲಾ ರಾಕ್ಸ್’ ಎಂಬ ಹೆಸರಿನಲ್ಲಿ ಇಂಥದ್ದೇ ಪಂದ್ಯ ಶುರು ಹಚ್ಚಿದರು. ಅಲ್ಲಿಂದ ಲಾಸ್ ಏಂಜಲೀಸ್, ದುಬೈಗಳಿಗೂ ಹಬ್ಬಿತು. ಅಲ್ಲೂ ಹಣ ದಾನಕ್ಕೇ. ಕರಾವಳಿಯ ತಾಳಮದ್ದಳೆಯಲ್ಲಿ ಲಾಯರುಗಳು ಕೃಷ್ಣನಾಗಿ, ಕರ್ಣನಾಗಿ ರಾತ್ರಿಯಿಡೀ ವಾದ ಹೂಡಿದ್ದನ್ನು ಕಂಡವರಿಗೆ ಇದರಲ್ಲಿ ಅಚ್ಚರಿ ಕಾಣಿಸಲಿಕ್ಕಿಲ್ಲ. ಅವರದು ಮಾತಿನ ಮೇಲೆ ಮಾತು; ಇವರದು ಆಂಪ್ಲಿಫೈಯರ್.

ಸ್ನೈಡರ್ 1990ರಲ್ಲಿ ತೀರಿಕೊಂಡರು. ಅವರು ಉಪವಾಸ ಕೂತು ಗಿಟ್ಟಿಸಿದ ಆಶ್ರಯಕ್ಕೂ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಲಾ ಕಾಲೇಜಿಗೂ ಕೆಲವೇ ಹೆಜ್ಜೆಗಳ ಅಂತರ. ಪುಸ್ತಕದ ಚೀಲ ಹೊತ್ತು ಕ್ಲಾಸಿಗೆ ಹೋಗುವ ನಾಳೆಯ ಲಾಯರುಗಳೂ, ಬಟ್ಟೆಗಂಟು ಹೊತ್ತು ಹಾಸಿಗೆಗಾಗಿ ಬರುವವರೂ ಓಡಾಡಿದ್ದು ಅದೇ ಫುಟ್‌ಪಾತಿನಲ್ಲಿ.