ಸೋಮವಾರದ ಹಸಿವು

ಸೋಮವಾರ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಕುಳಿತುಬಿಡುವ ಮಗುವನ್ನು ಕಂಡಾಗ ಶಿಕ್ಷಕರಿಗೆ ಕಾರಣವನ್ನು ಯಾರೂ ಹೇಳಬೇಕಾಗಿಲ್ಲ. ಭಾನುವಾರ ಶಾಲೆಯಿಲ್ಲ, ಶಾಲೆಯಿಲ್ಲದ ದಿನ ಬಿಸಿಯೂಟವೂ ಇಲ್ಲ.

ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹವೂ 2013ರಲ್ಲಿ ಬಂದ ಕ್ಷೀರ ಭಾಗ್ಯವೂ ಬಡ ಮಕ್ಕಳ ಪಾಲಿಗೆ ದೊಡ್ಡ ಆಸರೆಯಾಗಿವೆ. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ಆದರೂ ಶಿಕ್ಷಕರ ಚಿಂತೆ ಕಳೆದಿಲ್ಲ. ತಾಯ್ತಂದೆಯರು ನಸುಕಿನಲ್ಲೇ ಕೂಲಿಗೆ ಹೋದ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲೆಂದು ಶಾಲೆ ತಪ್ಪಿಸುವ ಹುಡುಗಿ, ತಂದೆಯ ಕುಡಿತಕ್ಕೆ ಹೆದರಿ ಕೊನೆಯ ಗಂಟೆ ಬಾರಿಸಿದರೂ ಮನೆಗೆ ಹೊರಡದ ಬಾಲಕ, ಇವರ ಸಂಕಟ ಹಾಜರಿ ಪುಸ್ತಕದಲ್ಲಿ ಬರೀ ಗೈರುಹಾಜರಿಯಾಗಿ, ಅಂಕಪಟ್ಟಿಯಲ್ಲಿ ಕಡಿಮೆ ಅಂಕವಾಗಿ ಉಳಿಯುತ್ತದೆ.

ಶಾಲೆಯ ಆವರಣದಾಚೆಗೆ ಶಿಕ್ಷಕರ ಕೈ ಚಾಚದು. ಅಲ್ಲಿ ವಾಸಿಸುವವರು ನಾವು. ಬಡ ತಾಯ್ತಂದೆಯರನ್ನು ದೂಷಿಸುವುದು ಸುಲಭ. ಅವರ ಮಗುವನ್ನು ಸಂಜೆಯ ಒಂದು ತಾಸು ನಮ್ಮ ಮಕ್ಕಳೊಡನೆ ಓದಲು ಕೂರಿಸಿಕೊಳ್ಳುವುದು ಅದಕ್ಕಿಂತ ಮೇಲು. ಮಗುವಿಗೆ ಹಿಂಸೆಯಾಗುತ್ತಿದ್ದರೆ 1098 ಸಹಾಯವಾಣಿಗೆ ತಿಳಿಸಲು ಹಿಂಜರಿಯದಿರೋಣ. ಭಾನುವಾರ ಬಲಿಪೂಜೆ ಮುಗಿಸಿ ಊಟಕ್ಕೆ ಕುಳಿತಾಗ ನೆರೆಮನೆಯ ಮಗು ಉಂಡಿತೇ ಎಂದು ಒಮ್ಮೆ ವಿಚಾರಿಸೋಣ. ಸೋಮವಾರದ ಸಾಲಿನಲ್ಲಿ ಅದು ನೆಟ್ಟಗೆ ನಿಲ್ಲುವಂತಾಗಲಿ.